ಸಕ್ಕರೆ ಬಿಟ್ಟ ವರ್ಷದ ಶರಬತ್ತು

ಆ ವರ್ಷ ರಂಜಾನ್ ಪೇರಲದ ಹಂಗಾಮಿನಲ್ಲಿ ಬಂದಿತ್ತು. ನರಗುಂದದ ನಮ್ಮ ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ ಮೂವರೂ ರೋಜಾ ಹಿಡಿದಿದ್ದರು. ನಾನು ಹಿಡಿದಿರಲಿಲ್ಲ. ತಿಂಗಳು ಶುರುವಾಗಲು ಇನ್ನೂ ಸ್ವಲ್ಪ ದಿನ ಇದೆ ಎನ್ನುವಾಗ, ದಿನ ತುಂಬುವ ಮೊದಲೇ ನನಗೆ ಹೆರಿಗೆಯಾಗಿ ಹೆಣ್ಣುಕೂಸು ಉಸಿರಿಲ್ಲದೆ ಹುಟ್ಟಿತ್ತು. ರಕ್ತ ಹೋಗುವುದು ನಿಲ್ಲುವ ತನಕ ಬಾಣಂತಿ ಉಪವಾಸ ಮಾಡುವಂತಿಲ್ಲ, ನಮಾಜಿಗೆ ನಿಲ್ಲುವಂತಿಲ್ಲ. ಮಗ್ಗುಲಲ್ಲಿ ಕೂಸು ಇರಲಿ, ಇಲ್ಲದಿರಲಿ, ನಿಯಮ ಒಂದೇ. ಹೊಳೆಆಲೂರಿನ ತವರಿನಲ್ಲಿ ಅವ್ವ ತೀರಿಕೊಂಡು ವರ್ಷಗಳಾಗಿದ್ದವು, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ ನಡೆಯಿತು.

ಕೂಸನ್ನು ನಾನು ನೋಡಲಿಲ್ಲ. ಹೆರಿಗೆಯಾದ ಕೂಡಲೇ ನನಗೆ ಎಚ್ಚರ ತಪ್ಪಿತ್ತು. ಕಣ್ಣು ಬಿಟ್ಟಾಗ ದವಾಖಾನೆಯ ಕಿಟಕಿಯ ಬಿಸಿಲು ಬೇರೆ ಗೋಡೆಗೆ ಸರಿದಿತ್ತು. ಮಣ್ಣು ಮಾಡಿ ಬಂದ ಗಂಡ ಕಾಲು ತೊಳೆದುಕೊಂಡು ಬಾಗಿಲಲ್ಲಿ ನಿಂತಿದ್ದರು. ಮುಖ ಹೇಗಿತ್ತು ಎಂದು ಅವರನ್ನು ಕೇಳಿದೆ. “ಅರಿವ್ಯಾಗ ಸುತ್ತಿ ಕೊಟ್ರು. ನಮ್ಮವ್ವನ ಉಡ್ಯಾಗ ಇತ್ತು. ಆಕಿಗೆ ಗೊತ್ತು,” ಎಂದು ಹೇಳಿ ಹೊರಗೆ ಹೋದರು.

ಹೀಗಾಗಿ ನನ್ನ ಮಗಳ ಮುಖ ಅತ್ತೆಯ ಹತ್ತಿರ ಇತ್ತು. ಅದನ್ನು ಅವರಿಂದ ಕೇಳಿ ಪಡೆಯಬೇಕಿತ್ತು. ನಾನು ಮಿಂದು ರೋಜಾ ಹಿಡಿದ ದಿನ ಬಾಣಂತನ ಮುಗಿಯುತ್ತದೆ, ಆಮೇಲೆ ಈ ಮನೆಯಲ್ಲಿ ಕೂಸಿನ ಮಾತು ಯಾರೂ ಎತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಯದೂ ಹಿಂದೆ ಒಂದು ಕೂಸು ಹೋಗಿತ್ತಂತೆ, ಅದು ನನಗೆ ತಿಳಿದದ್ದು ಓಣಿಯವರಿಂದ. ಕೇಳುವುದಿದ್ದರೆ ರಕ್ತ ನಿಲ್ಲುವುದರೊಳಗೆ ಕೇಳಬೇಕು. ದಿನಾ ಬೆಳಿಗ್ಗೆ ಇವತ್ತು ಕೇಳುತ್ತೇನೆ ಅಂದುಕೊಳ್ಳುತ್ತಿದ್ದೆ, ದಿನಾ ಸಂಜೆ ಶರಬತ್ತಿನ ಮಾತು ಆಡಿ ಮಲಗುತ್ತಿದ್ದೆ.

ದುಃಖ ಎಂದರೆ ಅಳು ಎಂದು ನಾನು ತಿಳಿದಿದ್ದೆ. ನನಗೆ ಅಳು ಬರಲಿಲ್ಲ. ಕಾಲು ಜೋಮು ಹಿಡಿದಾಗ ಅದು ನಮ್ಮ ಕಾಲೇ ಅಲ್ಲ ಅನಿಸುತ್ತದಲ್ಲ, ನನಗೆ ಇಡೀ ಮೈ ಹಾಗಾಗಿತ್ತು.

ಅತ್ತೆಗೆ ಶುಗರ್ ಇರುವುದು ಆ ಬೇಸಿಗೆಯಲ್ಲೇ ಗೊತ್ತಾಗಿತ್ತು. ಈ ಸಲ ರೋಜಾ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ನೀವು ಗುಳಗಿ ಬರೀರಿ ಸಾಹೇಬ್ರ, ತಗೋತೀನಿ. ಉಪಾಸದ್ದು ನನಗ ಬಿಡ್ರಿ,” ಅಂದರು. ಡಾಕ್ಟರು ಸೋತು ಗುಳಿಗೆಯ ಹೊತ್ತು ಬದಲಿಸಿದರು. ತಲೆ ತಿರುಗಿದರೆ ಆ ಕ್ಷಣಕ್ಕೇ ರೋಜಾ ಬಿಡಬೇಕೆಂದು ಮಾತು ತೆಗೆದುಕೊಂಡರು. ಸಂಜೆ ಸಕ್ಕರೆ ಶರಬತ್ತನ್ನು ಮಾತ್ರ ಮುಟ್ಟಲೇಬಾರದೆಂದು ತಾಕೀತು ಮಾಡಿದರು.

ನಮ್ಮ ಮನೆಯ ಸಂಜೆಯ ಶರಬತ್ತು ಎಂದರೆ ಹಾಲು, ಬಾಳೆಹಣ್ಣು, ಚಿಕ್ಕು, ಕೆಂಪು ಸಿರಪ್ಪು, ಮೇಲೆ ಕೈಗೆ ಬಂದಷ್ಟು ಸಕ್ಕರೆ. ಅದನ್ನು ಕುಡಿದರೆ ಮಾವನ ಮೀಸೆ ಅಂಟುತ್ತಿತ್ತು. ಮಾಡುವವರು ಉಪವಾಸ ಇರುತ್ತಿದ್ದುದರಿಂದ ಅದನ್ನು ಯಾರೂ ರುಚಿ ನೋಡುತ್ತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಸಕ್ಕರೆ ಸುರಿದ ಮೇಲೆ ತಪ್ಪಲು ಉಳಿಯುವುದೇನು? ಸಕ್ಕರೆ ಬಿಡಬೇಕಾಗಿ ಬಂದಾಗ ಮಾತ್ರ ನಾಲಿಗೆ ಬೇಕಾಯಿತು.

“ನಮ್ಮೆಲ್ಲಾರ ಬಾಯಿ ಕಟ್ಟೇತಿ. ನೀ ಕುಂತಲ್ಲೇ ಮಾಡು, ರುಚಿ ನೋಡಿ ಹೇಳು,” ಎಂದು ಅತ್ತೆ ಆ ಕೆಲಸವನ್ನು ನನಗೆ ಒಪ್ಪಿಸಿದರು. ಮನೆಯಲ್ಲಿ ಬಿಡುವಾಗಿದ್ದ ನಾಲಿಗೆ ನನ್ನದೊಂದೇ. ಅದಕ್ಕೆ ಉಪ್ಪು ಯಾವುದು ಸಿಹಿ ಯಾವುದು ತಿಳಿಯುತ್ತಿಲ್ಲ ಎಂದು ಯಾರಿಗೆ ಹೇಳುವುದು? ಹೂಂ ಅಂದೆ.

ಮೊದಲ ದಿನ ಮೈಗಳ್ಳತನ ಮಾಡಿದೆ. ಹಳೆಯದರಿಂದ ಸಕ್ಕರೆ, ಸಿರಪ್ಪು, ಚಿಕ್ಕು ಮೂರನ್ನೂ ಕೈಬಿಟ್ಟೆ, ಅಷ್ಟೆ. ಉಳಿದದ್ದು ಹಾಲು ಮತ್ತು ಬಾಳೆಹಣ್ಣು. ಮಸೀದಿಯಿಂದ ಬಂದ ಮಾವ ಒಂದು ಗುಟುಕು ಕುಡಿದು, ಹಿಂದೆ ಮುಂದೆ ನೋಡದೆ, “ಇದೇನವಾ, ಕೂಸಿಗೆ ಉಣಸೋದು ಮಾಡಿಟ್ಟಿ,” ಅಂದುಬಿಟ್ಟರು. ಆಮೇಲೆ ಯಾರೂ ಗ್ಲಾಸಿನಿಂದ ಕಣ್ಣೆತ್ತಲಿಲ್ಲ. ಮಾವ ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದರು.

ನನಗೆ ನೋವಾಗಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಹಾಲು, ಬಾಳೆ ಎಲ್ಲ ಹಲ್ಲು ಬಾರದ ಬಾಯಿಗೆ. ಈ ಮನೆಯಲ್ಲಿ ಇದ್ದವರು ದೊಡ್ಡವರು ಮಾತ್ರ. ದೊಡ್ಡವರ ಬಾಯಿಗೆ ತಕ್ಕುದು ಮಾಡಬೇಕಿತ್ತು.

ಮರುದಿನ ಹಾಲು ಬಿಟ್ಟು ಮೊಸರು ಹಿಡಿದೆ. ಚಿಕ್ಕನರಗುಂದದಿಂದ ಗಡಿಗೆ ಹೊತ್ತು ಬರುವ ಮುದುಕಿಯ ಎಮ್ಮೆಮೊಸರು ಗಟ್ಟಿ ಇರುತ್ತಿತ್ತು. ಗಜೇಂದ್ರಗಡದ ಕಡೆಯ ಹೆಂಗಸರು ಬಸ್ಸಿನಲ್ಲಿ ತರುವ ಸೀತಾಫಲವನ್ನು ಕೈಯಲ್ಲಿ ಹಿಡಿದು ನೋಡಿ ಬುಟ್ಟಿಗೆ ವಾಪಸ್ಸು ಇಟ್ಟೆ. ಅದು ಸಕ್ಕರೆಗಿಂತ ಒಂದು ಕೈ ಮೇಲೆ, ಅತ್ತೆಗೆ ಆಗಿ ಬರುವುದಿಲ್ಲ. ಕೊನೆಗೆ ಪೇರಲ ತೆಗೆದುಕೊಂಡೆ. ಪೇರಲ ಪೂರ್ತಿ ಮೆತ್ತಗಾಗಿರಬಾರದು, ಹೆಬ್ಬೆರಳಿನಿಂದ ಒತ್ತಿದರೆ ತುಸು ತಗ್ಗಬೇಕು. ನಡುವಿನ ಬೀಜದ ತಿರುಳನ್ನು ಕೈಯಿಂದ ಕಿವುಚಿ ಸೋಸಬೇಕು, ಮಿಕ್ಸಿಗೆ ಹಾಕಿದರೆ ಬೀಜ ನುರಿದು ಮರಳು ತಿಂದಂತಾಗುತ್ತದೆ. ಅದಕ್ಕೆ ಹುರಿದ ಜೀರಿಗೆ, ಕರಿ ಉಪ್ಪು, ಹಸಿಶುಂಠಿಯ ರಸ, ಒಂದಿಷ್ಟು ಪುದೀನ. ಸಿಹಿ ಅಂತ ಹೇಳಿಕೊಳ್ಳಲು ಇಡೀ ಪಾತ್ರೆಗೆ ನೆನೆಸಿದ ಒಂದು ಖಜೂರಿ.

ಸಕ್ಕರೆ ತೆಗೆದ ಜಾಗವನ್ನು ಖಾಲಿ ಬಿಟ್ಟರೆ ಬಾಯಿ ಅದನ್ನೇ ಹುಡುಕುತ್ತದೆ. ಅಲ್ಲಿ ಬೇರೆ ಏನನ್ನಾದರೂ ಕೂರಿಸಬೇಕು, ಹುಳಿಯನ್ನೋ ಉಪ್ಪನ್ನೋ ಒಗರನ್ನೋ. ಆದರೆ ಯಾವುದೂ ತಾನೇ ಮುಂದೆ ಬಂದು ಕೂರಬಾರದು. ಇದನ್ನೆಲ್ಲ ನಾನು ತಲೆಯಿಂದ ಲೆಕ್ಕ ಹಾಕಿ ಮಾಡುತ್ತಿದ್ದೆ, ಸಾಲಿಯಲ್ಲಿ ಗಣಿತ ಬಿಡಿಸಿದ ಹಾಗೆ.

ಕರೆಂಟಿನದು ಬೇರೆಯೇ ಪೀಕಲಾಟ. ಸಂಜೆ ಹೋದರೆ ಮಸೀದಿಯಲ್ಲಿ ನಮಾಜಿನ ಬಾಂಗ್ ಕೂಗಿದ ಮೇಲೆಯೇ ಅದು ಬರುತ್ತಿದ್ದದ್ದು. ಹಾಗಾಗಿ ಬಿಸಿಲಿದ್ದಾಗಲೇ ಮಿಕ್ಸಿ ತಿರುಗಿಸಿ, ಪಾತ್ರೆಗೆ ಒದ್ದೆ ಅರಿವೆ ಸುತ್ತಿ ಮೂಲೆಯಲ್ಲಿ ಇಡಬೇಕು. ಅಷ್ಟು ಹೊತ್ತು ನಿಂತರೆ ಮೊಸರು ಇನ್ನಷ್ಟು ಹುಳಿಯಾಗುತ್ತದೆ, ಶುಂಠಿ ಕಹಿ ಬಿಡುತ್ತದೆ, ಪೇರಲದ ಬಣ್ಣ ಕಂದುತ್ತದೆ. ಅದಕ್ಕೆ ಬಣ್ಣ ಉಳಿಯಲು ಲಿಂಬೆಹಣ್ಣಿನ ಹನಿಗಳನ್ನು ಮೊದಲೇ ಹಾಕಿ, ಉಪ್ಪು ಶುಂಠಿಗಳನ್ನು ಕೊನೆಗಳಿಗೆಗೆ ಉಳಿಸುತ್ತಿದ್ದೆ. ಅರಿವೆ ಸುತ್ತುವ ಕೆಲಸ ಅತ್ತೆಯದು. ಅಂಚು ಮಡಚಿ, ಎಲ್ಲಿಯೂ ಸಡಿಲಾಗದಂತೆ ಒಳಗೆ ಸೇರಿಸುತ್ತಿದ್ದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಕೇಳಬೇಕಾದ ಮಾತು ಆಗ ನಾಲಿಗೆಯ ತುದಿಗೆ ಬರುತ್ತಿತ್ತು.

ಉಪವಾಸ ಇದ್ದವರ ಎದುರು ಬಾಯಾಡಿಸುವುದು ಚೆನ್ನಾಗಿರುವುದಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಚಮಚ ಬಾಯಿಗಿಡುತ್ತಿದ್ದೆ.

“ಹ್ಯಾಂಗೈತಿ?” ಎಂದು ಅತ್ತೆ ಆಚೆಯಿಂದ ಕೇಳುತ್ತಿದ್ದರು.

“ಬರೋಬರಿ ಐತ್ರಿ.”

ತಂಪಾಗಿದೆ ಎನ್ನುವುದು ಬಿಟ್ಟರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕುಡಿಯುವವರ ಮುಖ ನೋಡಿ ಕಲಿತೆ. ಹುಳಿ ಹೆಚ್ಚಾದರೆ ಮಾವನ ಒಂದು ಕಣ್ಣು ತಾನಾಗಿ ಮುಚ್ಚುತ್ತಿತ್ತು. ಉಪ್ಪು ಕಮ್ಮಿಯಾದರೆ ಗಂಡ ಗ್ಲಾಸನ್ನು ಅಲ್ಲಾಡಿಸುತ್ತಿದ್ದರು, ತಳದಲ್ಲಿ ಏನಾದರೂ ಉಳಿದಿದೆಯೇನೋ ಎಂಬಂತೆ. ಅತ್ತೆಯ ಮುಖದಲ್ಲಿ ಮಾತ್ರ ಏನೂ ಓದಲು ಬರುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಶರಬತ್ತು ಹದಕ್ಕೆ ಬಂತು. “ಈಗ ನೋಡು, ಇದು ಮಂದಿ ಕುಡಿಯೋವಂಥಾದ್ದು,” ಎಂದು ಮಾವ ಮತ್ತೆ ಮತ್ತೆ ಹಾಕಿಸಿಕೊಂಡರು. ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಗಾದಿ ಮುಟ್ಟಿಸಲು ರೋಣಕ್ಕೆ ಹೋದ ದಿನ ಗಂಡ ಶರಬತ್ತನ್ನು ಬಾಟಲಿಯಲ್ಲಿ ಒಯ್ದರು, ಬಸ್ಸಿನಲ್ಲೇ ರೋಜಾ ಬಿಡಲು. ಎಲ್ಲರೂ ನನ್ನ ನಾಲಿಗೆಯನ್ನು ಹೊಗಳಿದರು. ನಗು ಬರಬೇಕಿತ್ತು, ಬರಲಿಲ್ಲ.

ನಡುವೆ ಮಾತಾಡಿಸಲು ಹೆಂಗಸರು ಬರುತ್ತಿದ್ದರು. “ಇನ್ನೂ ಸಣ್ಣಾಕಿ ಅದಿ, ಯಾಕ ಚಿಂತಿ ಮಾಡ್ತಿ?” ಎನ್ನುತ್ತಿದ್ದರು. ನಾನು ಚಿಂತೆ ಮಾಡುತ್ತಿದ್ದೇನೆ ಎಂದು ಇವರಿಗೆ ಯಾರು ಹೇಳಿದರೋ. ಒಬ್ಬಾಕೆ ಸಮಾಧಾನ ಹೇಳಿ ಮುಗಿಸಿ, ಅದೇ ಉಸಿರಿನಲ್ಲಿ ಶರಬತ್ತು ಹೇಗೆ ಮಾಡುತ್ತೀ ಎಂದು ಕೇಳಿದಳು. ನಾನು ಜೀರಿಗೆ ಹುರಿಯುವುದರಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಜ ಹೇಳಬೇಕೆಂದರೆ ಆಕೆಯೇ ವಾಸಿ, ಉತ್ತರ ಇರುವ ಪ್ರಶ್ನೆ ಕೇಳಿದಳು.

ರಂಜಾನ್ ಇನ್ನೂ ಮುಗಿದಿರಲಿಲ್ಲ. ಒಂದು ದಿನ ರಕ್ತ ಕಾಣಲಿಲ್ಲ, ಮರುದಿನವೂ ಕಾಣಲಿಲ್ಲ. ಇದು ನನಗೊಬ್ಬಳಿಗೇ ಗೊತ್ತಿದ್ದ ಸಂಗತಿ. ಬಚ್ಚಲಲ್ಲಿ ನೀರು ಕಾಯಿಸಿಟ್ಟು ಎಷ್ಟೋ ಹೊತ್ತು ಸುಮ್ಮನೆ ಕುಳಿತೆ. ಮಿಂದರೆ ಮುಗಿಯಿತು. ನನ್ನ ಮಗಳ ಕಡೆಯಿಂದ ನನ್ನ ಮೈಯಲ್ಲಿ ಉಳಿದಿದ್ದ ಕುರುಹು ಅದೊಂದೇ, ಅದೂ ನಿಂತುಹೋಗಿತ್ತು. ನೀರು ಆರುವುದರೊಳಗೆ ಮಿಂದೆ. ನನ್ನ ಒದ್ದೆ ಕೂದಲನ್ನು ನೋಡಿ ಅತ್ತೆಗೆ ತಿಳಿಯಿತು. ಅವರು ನಸುಕಿನ ಸಹರಿಯ ಊಟಕ್ಕೆ ಇನ್ನೊಂದು ಹಿಡಿ ಅಕ್ಕಿ ಹೆಚ್ಚಿಗೆ ತೆಗೆದಿಟ್ಟರು.

ಮರುದಿನ ನನ್ನದೂ ರೋಜಾ. ಶರಬತ್ತನ್ನು ಯಾರೂ ರುಚಿ ನೋಡಲಿಲ್ಲ, ಕೈಯ ಅಂದಾಜಿನ ಮೇಲೆ ಮಾಡಿದೆ. ಸಂಜೆ ಗಂಡಸರು ಮಸೀದಿಗೆ ಹೋದರು. ಕರೆಂಟು ಎಂದಿನಂತೆ ಹೋಗಿತ್ತು. ಅಡುಗೆಮನೆಯಲ್ಲಿ ನಾನು, ಅತ್ತೆ ಇಬ್ಬರೇ ಪಾತ್ರೆಯ ಎರಡು ಬದಿಗೆ ಬಾಂಗ್ ಕಾಯುತ್ತ ಕುಳಿತೆವು. ಅತ್ತೆಯ ತುಟಿ ಒಣಗಿ ಬೆಳ್ಳಗಾಗಿತ್ತು. ಇನ್ನು ಕೇಳಬಾರದು ಎಂದು ಗೊತ್ತಿದ್ದೂ ಕೇಳಿದೆ.

“ಅತ್ತಿ, ಕೂಸಿನ ಮುಖಾ ಹ್ಯಾಂಗಿತ್ರಿ?”

ಅತ್ತೆ ಪಾತ್ರೆಯ ಒದ್ದೆ ಅರಿವೆಯ ಅಂಚನ್ನು ಒಳಗೆ ಸೇರಿಸಿದರು. ಆಮೇಲೆ, “ನಾನೂ ನೋಡ್ಲಿಲ್ಲವಾ,” ಅಂದರು.

ನನಗೆ ಅರ್ಥವಾಗಲಿಲ್ಲ. ಅವರ ಮುಖವನ್ನೇ ನೋಡಿದೆ.

“ದವಾಖಾನಿ ಆಯಾ ಮುಖದ ಮ್ಯಾಲೂ ಅರಿವಿ ಹೊಚ್ಚಿ ಕೊಟ್ಲು. ಅದನ್ನ ಸರಸಾಕ ನನ್ನ ಕೈ ಏಳಲಿಲ್ಲ. ಒಮ್ಮೆ ನೋಡಿದ್ನೆಂದ್ರ ಗಂಡಸರ ಕೈಯಾಗ ಕೊಡಾಕ ಆಗ್ತಿರ್ಲಿಲ್ಲ. ಹಂಗ ಕೊಟ್ಟಬಿಟ್ಟೆ.”

ಅಂದರೆ ಆ ಮುಖ ಯಾರ ಹತ್ತಿರವೂ ಇರಲಿಲ್ಲ. ಇಷ್ಟು ದಿನ ಇದೆ ಎಂದುಕೊಂಡು ಇವರ ಸುತ್ತ ಸುಳಿದಾಡಿದ್ದೆ. ಸಿಟ್ಟು ಬಂತು. ಹೆರಿಗೆಯಾದ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು.

“ಮತ್ತ ನಿಮಗ ಏನ್ ಗೊತ್ತೈತ್ರಿ?” ಎಂದು ದನಿ ಏರಿಸಿಯೇ ಕೇಳಿದೆ. ಅತ್ತೆಯ ಎದುರು ನಾನು ಹಾಗೆ ಮಾತಾಡಿದವಳಲ್ಲ.

“ಭಾರ ಇತ್ತು,” ಅಂದರು ಅತ್ತೆ. “ಉಡ್ಯಾಗ ಭಾರ ಇತ್ತು. ಅಷ್ಟ ಗೊತ್ತೈತಿ.”

“ಎಷ್ಟ ಭಾರ?”

ಅತ್ತೆ ಎರಡೂ ಕೈಗಳನ್ನು ಮುಂದೆ ಚಾಚಿ ಅಂಗೈ ಮೇಲೆ ಮಾಡಿ ಹಿಡಿದರು. ಕಣ್ಣು ಮುಚ್ಚಿಕೊಂಡರು. ಎಡಗೈಯನ್ನು ತುಸು ಮೇಲೆತ್ತಿದರು, ತಲೆ ಆ ಕಡೆಗೆ ಇತ್ತೆಂದು ತೋರುತ್ತದೆ. ಖಾಲಿ ಕೈಗಳು ಮೆಲ್ಲಗೆ ಕೆಳಗೆ ಜಗ್ಗಿ, ಒಂದು ಕಡೆ ನಿಂತವು.

“ಇಷ್ಟ,” ಅಂದರು.

ಬಾಂಗ್ ಆಯಿತು. ಅತ್ತೆ ಕೈ ಇಳಿಸಲಿಲ್ಲ. ದಿನವಿಡೀ ಉಪವಾಸ ಇದ್ದ ಕಾಯಿಲೆಯ ಮೈ, ತಡ ಮಾಡುವಂತಿರಲಿಲ್ಲ. ನಾನು ಗ್ಲಾಸು ತುಂಬಿ ಅವರ ತುಟಿಗೆ ಹಿಡಿದೆ. ಅವರು ಕೈಗಳನ್ನು ಹಾಗೆಯೇ ಇಟ್ಟುಕೊಂಡು ಕುಡಿದರು.