ಎರಡು ಸಿನಿಮಾ, ಒಂದು ಇಂಟರ್ವಲ್

2014ರ ಜುಲೈ ತಿಂಗಳು. ನಾವಾಗ ಆಸ್ಟಿನ್‌ಗೆ ಹತ್ತಿರದ ರೌಂಡ್ ರಾಕ್‌ನಲ್ಲಿದ್ದೆವು. ನನ್ನ ಅತ್ತೆ ಧಾರವಾಡದಿಂದ ಬಂದು ಕೆಲವು ವಾರಗಳಾಗಿದ್ದವು. ಅವರು ಬರಬೇಕಾಗಿದ್ದದ್ದು ಸೆಪ್ಟೆಂಬರಿನಲ್ಲಿ, ನನ್ನ ಬಾಣಂತನಕ್ಕೆ. ಆದರೆ ಮೇ ತಿಂಗಳಲ್ಲಿ, ಐದು ತಿಂಗಳು ತುಂಬಿದ ಮೇಲೆ, ಮಗು ಉಳಿಯಲಿಲ್ಲ. ಅತ್ತೆ ಟಿಕೆಟ್ ಬದಲಾಯಿಸಿಕೊಂಡು ಜೂನ್‌ನಲ್ಲೇ ಬಂದುಬಿಟ್ಟರು. ಈ ನಾಲ್ಕು ವಾಕ್ಯ ಬರೆಯಲು ನನಗೆ ವರ್ಷಗಳೇ ಬೇಕಾದವು.

ನಾನು ಅತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮುಂದಿನ ವಾರವೇ ಕೆಲಸಕ್ಕೆ ಹೋದೆ. ಯಾರಾದರೂ ಕೇಳಿದರೆ 'ಐ ಆಮ್ ಫೈನ್' ಎನ್ನುತ್ತಿದ್ದೆ. ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅತ್ತೆ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುತ್ತಿದ್ದರು, ನಾನು ಡಬ್ಬಿ ತೆಗೆದುಕೊಂಡು ಹೊರಡುತ್ತಿದ್ದೆ. ಮಾತು ಕಡಿಮೆ ಆಡುವವಳು ಎಂದು ಮದುವೆಯಾದಾಗಿನಿಂದ ನನಗೆ ಹೆಸರಿತ್ತು, ಹಾಗಾಗಿ ಆ ಮೌನಕ್ಕೂ ಅದೇ ಕಾರಣವೆಂದು ಎಲ್ಲರೂ ಅಂದುಕೊಂಡಂತಿತ್ತು. ನನ್ನ ಗಂಡ ಒಮ್ಮೆ ಮಾತ್ರ, "ಅಮ್ಮ ಮುಂದಿನ ವಾರ ಹೊರಡ್ತಾಳ. ಆಕೀ ಜೊತೆಗಾದ್ರೂ ಒಂಚೂರು ಮಾತಾಡು" ಎಂದರು. ಆಗಲಿ ಎಂದೆ. ಏನು ಮಾತಾಡಬೇಕೆಂದು ತಿಳಿಯಲಿಲ್ಲ.

ಆ ಶನಿವಾರ ಗಂಡ ಕೆಲಸದ ಮೇಲೆ ಡಲ್ಲಾಸ್‌ಗೆ ಹೋಗಿದ್ದರು. ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ಮಾತಾಡದೆ ಒಂದು ಮಧ್ಯಾಹ್ನ ಕಳೆಯಲು ಸಿನಿಮಾಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ನನಗೆ ಹೊಳೆಯಿತು.

ಆಸ್ಟಿನ್ ಪೇಟೆಯ ಮಧ್ಯೆ ಒಂದು ಹಳೆಯ ಚಿತ್ರಮಂದಿರವಿದೆ. ಬೇಸಿಗೆಯಲ್ಲಿ ಅಲ್ಲಿ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಹಾಕುತ್ತಾರೆ. ವಿದ್ಯಾರ್ಥಿನಿಯಾಗಿದ್ದಾಗ ನಾನು ಅಲ್ಲಿಗೆ ಒಬ್ಬಳೇ ಹೋಗುತ್ತಿದ್ದೆ. ಎರಡನೇ ಮಹಾಯುದ್ಧದ ಕಾಲದ ಚಿತ್ರಗಳೆಂದರೆ ನನಗೆ ವಿಶೇಷ ಇಷ್ಟ. ಅವುಗಳನ್ನು ತೆಗೆಯುತ್ತಿದ್ದಾಗ ಯುದ್ಧ ಹೇಗೆ ಮುಗಿಯುತ್ತದೆಂದು ತೆಗೆಯುವವರಿಗೂ ಗೊತ್ತಿರಲಿಲ್ಲ. ನಟಿಸುವವರ ಮುಖದಲ್ಲೇ ಅದು ಕಾಣುತ್ತದೆ. ಯುದ್ಧ ಮುಗಿದ ಮೇಲಿನ ಚಿತ್ರಗಳಲ್ಲಿ ಅದೇ ಮುಖಗಳು ಬೇರೆ ಥರ ಇರುತ್ತವೆ.

ಅಂದು ಒಂದೇ ಟಿಕೆಟ್ಟಿಗೆ ಎರಡು ಚಿತ್ರ, ಎರಡರಲ್ಲೂ ಒಬ್ಬಳೇ ನಾಯಕಿ. ಮೊದಲನೆಯದು ಯುದ್ಧದ ನಡುವೆ ತೆಗೆದದ್ದು, ಎರಡನೆಯದು ಯುದ್ಧ ಮುಗಿದ ಮೇಲಿನದು. ಮೊದಲನೆಯದನ್ನು ನೋಡಿ ಮನೆಗೆ ಬರುವುದು ನನ್ನ ಲೆಕ್ಕಾಚಾರ. ಎರಡು ಚಿತ್ರವಿದೆ ಎಂದು ಅತ್ತೆಗೆ ಹೇಳಲೂ ಇಲ್ಲ.

ಹೊರಗೆ ಸುಡುವ ಬಿಸಿಲು, ಒಳಗೆ ಎಸಿಯ ಚಳಿ. ಅತ್ತೆ ಶಾಲು ಹೊದ್ದು ಕುಳಿತರು. ಅವರ ಆ ಪಕ್ಕದ ಸೀಟಿನಲ್ಲಿ ಬೆಳ್ಳಗಿನ ಕೂದಲಿನ ಅಮೆರಿಕನ್ ಅಜ್ಜಿಯೊಬ್ಬರು ಸ್ವೆಟರ್ ಹಾಕಿಕೊಂಡು ಕುಳಿತಿದ್ದರು. ಇಬ್ಬರೂ ಶಾಲು, ಸ್ವೆಟರ್ ನೋಡಿಕೊಂಡು ನಕ್ಕರು.

ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಪಿಸುದನಿಯಲ್ಲಿ ಕಥೆ ಹೇಳುತ್ತಿದ್ದೆ. ಹೊಸದಾಗಿ ಮದುವೆಯಾದವಳ ಗಂಡ ಯುದ್ಧಕ್ಕೆ ಹೋಗುತ್ತಾನೆ. ಅವಳು ಕಾಯುತ್ತಾಳೆ. ಕೊನೆಗೊಂದು ದಿನ ಅವನ ಗೆಳೆಯನೊಬ್ಬ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಅವನು ಏನೂ ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ. ಒಳಗೆ ಕರೆದು, ಕೂರಿಸಿ, ತಟ್ಟೆ ಇಟ್ಟು ಊಟ ಬಡಿಸುತ್ತಾಳೆ. ಅವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ಆ ದೃಶ್ಯ ನೋಡಿ ನನಗೆ ಬೇಗ ಹೊರಗೆ ಹೋಗಬೇಕು ಅನಿಸಿತು. ಮುಕ್ತಾಯದ ಅಕ್ಷರಗಳು ಬಂದಾಗ ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ದೀಪ ಹತ್ತಿತು.

"ಬನ್ನಿ ಅತ್ತೆ, ಹೋಗೋಣ. ಮುಗೀತು."

"ಮುಗೀತೇನು? ಹೆಂಗ ಮುಗೀತದವಾ? ಆಕೀ ಗತಿ ಏನಾತು ಅಂತ ತೋರಿಸಲೇ ಇಲ್ಲಲಾ." ಅವರು ಸುತ್ತ ನೋಡಿದರು. ಜನ ಬ್ಯಾಗುಗಳನ್ನು ಸೀಟಿನಲ್ಲೇ ಬಿಟ್ಟು ಪಾಪ್‌ಕಾರ್ನ್ ತರಲು ಎದ್ದು ಹೋಗುತ್ತಿದ್ದರು. "ಇಂಟರ್ವಲ್ ಬಿಟ್ಟಾರ ನೋಡು. ನಡಿ, ಕಾಲು ಸಡಲ ಮಾಡಿ ಬರೋಣು."

ನಾನು ಏನಾದರೂ ಹೇಳುವ ಮೊದಲೇ ಅವರು ಸೊಂಟದಿಂದ ಕರ್ಚೀಫು ತೆಗೆದು ತಮ್ಮ ಸೀಟಿನ ಮೇಲೆ ಹಾಸಿದರು. ನನ್ನ ಸೀಟಿಗೆ ಶಾಲು. ಧಾರವಾಡದ ಟಾಕೀಸಿನಲ್ಲಿ ಸೀಟು ಹಿಡಿಯಲು ಹಾಸುವಂತೆಯೇ. ಆಮೇಲೆ ಪಕ್ಕದ ಅಜ್ಜಿಯ ಕಡೆಗೆ ತಿರುಗಿ, ಸೀಟು ತೋರಿಸಿ, "ಇಂಟರ್ವಲ್?" ಎಂದು ಕೇಳಿದರು.

ಅಜ್ಜಿ ನನ್ನತ್ತ ನೋಡಿದರು. ನಾನು ಇಂಗ್ಲಿಷ್‌ನಲ್ಲಿ ಮೆಲ್ಲಗೆ ಹೇಳಿದೆ: ಇವರು ಇದು ಒಂದೇ ಸಿನಿಮಾ ಅಂದುಕೊಂಡಿದ್ದಾರೆ, ನಾವು ಹೊರಡುವವರಿದ್ದೆವು, ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ.

ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಏನು ಕಂಡರೋ ತಿಳಿಯದು. ಬಳಿಕ ಅತ್ತೆಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು: "ಎಸ್ ಮ್ಯಾಮ್, ಇಂಟರ್ವಲ್. ಸೆಕೆಂಡ್ ಹಾಫ್, ವೆರಿ ಗುಡ್." ನನ್ನ ಕಡೆಗೆ ತಿರುಗಿ, ಎಷ್ಟೋ ವರ್ಷದಿಂದ ಈ ಚಿತ್ರಗಳಿಗೆ ಬರುತ್ತಿದ್ದೇನೆ, ಮೊದಲನೆಯದನ್ನು ಮಾತ್ರ ನೋಡಿಕೊಂಡು ಮನೆಗೆ ಹೋಗಬೇಡ ಮಗಳೇ ಎಂದರು.

ನಾವು ಮರಳಿ ಬಂದಾಗ ಅವರು ಕರ್ಚೀಫಿನ ಮೇಲೆ ಕೈಯಿಟ್ಟು ಕಾವಲು ಕಾಯುತ್ತಿದ್ದರು. ಅತ್ತೆ ಸಂತೋಷದಿಂದ ಕೈಚೀಲದಿಂದ ಅವಲಕ್ಕಿ ಚೂಡಾ ತೆಗೆದು ಅವರ ಅಂಗೈಗೆ ಹಾಕಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಅವರು ಮತ್ತೆ ಕೈ ಚಾಚಿದರು.

ಎರಡನೇ ಚಿತ್ರದ ಹೆಸರುಗಳು ಬಂದವು.

"ಮತ್ತ್ಯಾಕ ಹೆಸರು ತೋರಸ್ಲಿಕತ್ತಾರ?"

"ತಡವಾಗಿ ಬಂದವರಿಗೆ, ಅತ್ತೆ."

"ಹೌದೇನು. ಚಲೋ ಪದ್ಧತಿ."

ಅದೇ ನಾಯಕಿ, ಬೇರೆ ಕೇಶವಿನ್ಯಾಸ. ಈಗ ಒಂದು ಸಣ್ಣ ಊರಿನಲ್ಲಿ ಬೇಕರಿ ನಡೆಸುತ್ತಿದ್ದಾಳೆ. ಹಾಲಿನವನ ಜೊತೆ ಜಗಳ, ಕೆನ್ನೆಯ ಮೇಲೆ ಹಿಟ್ಟು, ತುಟಿಯಲ್ಲಿ ನಗು. ಅತ್ತೆ ಮುಂದಕ್ಕೆ ಬಾಗಿ ಕುಳಿತರು.

"ಪಾಪ, ಅಂಗಡಿ ಇಟ್ಕೊಂಡಾಳ. ಚಲೋ ಮಾಡಿದ್ಲು. ಎಷ್ಟ ದಿನಾ ಅಂತ ಸುಮ್ಮನ ಕೂಡೋದು."

ಸ್ವಲ್ಪ ಹೊತ್ತಿಗೆ ಅವಳ ಬೇಕರಿಗೆ ಒಬ್ಬ ಮೇಷ್ಟ್ರು ದಿನಾ ಬರತೊಡಗಿದ. ಅತ್ತೆ ಏನನ್ನುತ್ತಾರೋ ಎಂದು ನಾನು ಕಾದೆ.

"ಮದುವಿ ಆಗ್ಲಿ ಬಿಡು. ಮೊದಲನೇದಾಂವನ್ನ ಏನ ಮರತಿಲ್ಲ ಆಕಿ. ನಗುವಾಗ ಒಮ್ಮೊಮ್ಮೆ ಬಾಗಲಾ ಕಡೆ ನೋಡ್ತಾಳ, ನೋಡಿಲ್ಲೇನು?"

ನಾನು ಆ ಚಿತ್ರವನ್ನು ಹಿಂದೆಯೂ ನೋಡಿದ್ದೆ. ಅವಳು ಬಾಗಿಲ ಕಡೆ ನೋಡುವುದು ಗಿರಾಕಿ ಬಂದರೇ ಎಂದು. ಆದರೆ ಅಂದು ನೋಡಿದಾಗ ಅತ್ತೆ ಹೇಳಿದ್ದೇ ನಿಜವಾಗಿತ್ತು. ಅವಳು ಹಾಲಿನವನ ಮೇಲೆ ಹಿಟ್ಟು ಚೆಲ್ಲಿದ್ದಕ್ಕೆ ಇಡೀ ಚಿತ್ರಮಂದಿರ ನಗುತ್ತಿದ್ದಾಗ ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ.

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ನನ್ನ ಕೈಯನ್ನು ಮಾತ್ರ ತಮ್ಮ ಮಡಿಲಿಗೆ ಎಳೆದುಕೊಂಡರು. "ಅಳವಾ. ಕತ್ತಲ ಅದ, ಯಾರೂ ನೋಡಂಗಿಲ್ಲ" ಎಂದರು. ಆ ಕಡೆಯಿಂದ ಅಜ್ಜಿ ಅತ್ತೆಯ ಮುಂದೆ ಕೈಚಾಚಿ ಕಾಗದದ ನ್ಯಾಪ್ಕಿನ್ನುಗಳನ್ನು ಕೊಟ್ಟರು. ಅವರೂ ಪರದೆಯನ್ನೇ ನೋಡುತ್ತಿದ್ದರು.

ಮನೆಗೆ ಡ್ರೈವ್ ಮಾಡುವಾಗ ಹೆದ್ದಾರಿಯಲ್ಲಿ ವಾಹನಗಳು ಸಾಲಾಗಿ ನಿಂತಿದ್ದವು. ಅತ್ತೆ ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು: "ಮನಸಿನ್ಯಾಗ ಏನರ ಹೆಸರು ಇಟ್ಟಿದ್ದೇನು?"

ಇಟ್ಟಿದ್ದೆ. ಗಂಡನಿಗೂ ಹೇಳಿರಲಿಲ್ಲ. ಅಂದು ಮೊದಲ ಬಾರಿಗೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಅತ್ತೆ ಅದನ್ನು ಮೆಲ್ಲಗೆ ಒಮ್ಮೆ ತಾವೂ ಹೇಳಿದರು. "ಚಲೋ ಹೆಸರು" ಎಂದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆ ತಲುಪುವವರೆಗೂ ನಾನು ಮಾತಾಡಿದೆ. ಆಸ್ಪತ್ರೆಯದು, ಅದಕ್ಕೂ ಮೊದಲಿನದು, ಎಲ್ಲ.

ಎರಡು ವರ್ಷದ ಬಳಿಕ ಧಾರವಾಡಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಅತ್ತೆ ತಮ್ಮ ತಂಗಿಯ ಮಗಳಿಗೆ ಆ ಸಿನಿಮಾದ ಕಥೆ ಹೇಳುತ್ತಿದ್ದರು, ಒಂದೇ ಸಿನಿಮಾವೆಂಬಂತೆ. ಗಂಡ ಸತ್ತಿದ್ದು, ಊಟ ಬಡಿಸಿದ್ದು, ಬೇಕರಿ, ಮೇಷ್ಟ್ರು. ಅವಳು ಕೇಳಿದಳು, "ದೊಡ್ಡವ್ವಾ, ಅಷ್ಟ ದುಃಖದಾಗ ಇದ್ದಾಕಿ ಒಮ್ಮೆಲೇ ಅಂಗಡಿ ಹೆಂಗ ತೆಗದ್ಲು? ನಡುವ ಏನಾತು?"

"ಅದನ್ನ ತೋರಸಂಗಿಲ್ಲ," ಎಂದರು ಅತ್ತೆ ರೊಟ್ಟಿ ತಿರುವುತ್ತಾ. "ಅದು ಇಂಟರ್ವಲ್‌ದಾಗ ಆಗಿರ್ತದ."

ಅವರಿಗೆ ಎರಡು ಚಿತ್ರವೆಂದು ಅಂದೇ ಗೊತ್ತಿತ್ತೋ ಇಲ್ಲವೋ, ನಾನು ಇಂದಿಗೂ ಕೇಳಿಲ್ಲ. ಆ ಅಜ್ಜಿಯ ಹೆಸರನ್ನೂ ಕೇಳಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಆ ಚಿತ್ರಮಂದಿರಕ್ಕೆ ಹೋಗಿ ಅದೇ ಸಾಲಿನಲ್ಲಿ ಕುಳಿತು ಅವರನ್ನು ಹುಡುಕುತ್ತೇನೆ. ಮತ್ತೆ ಸಿಗಲಿಲ್ಲ. ಆದರೆ ಮೊದಲ ಚಿತ್ರ ಮುಗಿದು ದೀಪ ಹತ್ತಿದಾಗ ನಾನು ಎದ್ದು ಹೋಗುವುದಿಲ್ಲ. ಪಕ್ಕದ ಖಾಲಿ ಸೀಟಿನ ಮೇಲೆ ಕರ್ಚೀಫು ಹಾಸಿ, ಎರಡನೆಯದಕ್ಕೆ ಕಾಯುತ್ತೇನೆ.