ಆಪರೇಟರ್ ಕೆಳಗಿಳಿದ ಮಧ್ಯಾಹ್ನ

ಹಳೆಯ ಚಿತ್ರಗಳನ್ನಷ್ಟೇ ತೋರಿಸುವ ಆ ಚಿತ್ರಮಂದಿರದಲ್ಲಿ ಆಪರೇಟರನಷ್ಟು ಸಿನಿಮಾ ಓಡಿಸಿದವರಿಲ್ಲ. ಅವನಷ್ಟು ಕಡಿಮೆ ನೋಡಿದವರೂ ಇಲ್ಲ. ರೀಲು ಮುಗಿಯುವಾಗ ತೆರೆಯ ಬಲಮೂಲೆಯಲ್ಲಿ ಚುಕ್ಕೆಯೊಂದು ಮಿಂಚಿ ಮಾಯವಾಗುತ್ತದೆ. ಆಗಲೇ ಮುಂದಿನ ರೀಲಿರುವ ಎರಡನೆಯ ಯಂತ್ರವನ್ನು ಹೊರಡಿಸಬೇಕು; ತಪ್ಪಿದರೆ ತೆರೆ ಬೆಳ್ಳಗೆ. ಹೀಗಾಗಿ ಮದುವೆಗೆ ಮುಂಚಿನಿಂದಲೂ ಅವನು ನೋಡಿದ್ದು ಆ ಮೂಲೆಯನ್ನು ಮಾತ್ರ. ಮೇಲೆ, ಎರಡು ಕಿಂಡಿಗಳ ಬಿಸಿ ಪ್ರೊಜೆಕ್ಟರ್ ಕೋಣೆಯಲ್ಲಿ ಗಾಣದ ಎತ್ತಿನಂತೆ ಸವೆದಿದ್ದ.

ಕೆಳಗೆ, ಬೀದಿಗೆ ತೆರೆದ ಟಿಕೆಟ್ ಕೌಂಟರಿನ ಕೆಲಸ ಖಾಲಿಯಾಗಿತ್ತು. ಅಲ್ಲಿ ಬೆಳಕಿತ್ತು, ಗಾಳಿಯಿತ್ತು, ಬಂದವರೊಡನೆ ಎರಡು ಮಾತಿತ್ತು.

"ಮೇಲಕ್ಕೆ ಒಬ್ಬರನ್ನ ತಯಾರು ಮಾಡಿ, ನೀವು ಕೆಳಗೆ ಬನ್ನಿ," ಎಂದಿದ್ದಳು ಚಿತ್ರಮಂದಿರದ ಒಡತಿ.

ಅವನು ಹೆಂಡತಿಯ ತಮ್ಮನನ್ನು ತಯಾರು ಮಾಡಿದ. ಇಂದು ಮೇಲೆ ಭಾವಮೈದನ ಪರೀಕ್ಷೆ. ಬ್ರಿಟಿಷರ ಹಳೆಯ ಹಾಸ್ಯಚಿತ್ರ, ಕುರ್ಚಿಗಳೆಲ್ಲ ತುಂಬಿದ್ದವು. ಆಪರೇಟರ್ ಮೊದಲ ಬಾರಿಗೆ ಹೆಂಡತಿಯ ಪಕ್ಕದಲ್ಲಿ ಕುಳಿತ.

ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅವನ ಕಣ್ಣು ಮೂಲೆ ಬಿಟ್ಟು ಕದಲಲಿಲ್ಲ.

"ಅಲ್ಲೇನ್ರೀ ನೋಡ್ತೀರಿ? ಸಿನಿಮಾ ಮಧ್ಯದಲ್ಲಿದೆ," ಎಂದು ಹೆಂಡತಿ ತಿವಿದಳು.

ಚುಕ್ಕೆ ಮಿಂಚಿತು. ಅವನ ಕೈ ತಾನಾಗಿಯೇ ಅವಳ ಮೊಣಕೈಯನ್ನು ಕೆಳಗೆಳೆಯಿತು.

"ಅಯ್ಯೋ, ನಾನೇನು ನಿಮ್ಮ ಮೆಷೀನಾ?"

ರೀಲು ಸರಿಯಾಗಿಯೇ ಬದಲಾಯಿತು. ಅವನು ಉಸಿರುಬಿಟ್ಟ. ಆಮೇಲೆ ತೆರೆಯ ಮೇಲೆ, ಪಾದ್ರಿಯ ವೇಷ ತೊಟ್ಟ ಕಳ್ಳನೊಬ್ಬನನ್ನು ನಿಜವಾದ ಮದುವೆ ಮಾಡಿಸಲು ಎಳೆತಂದು ನಿಲ್ಲಿಸಿದರು. ಎಲ್ಲರ ನಗುವನ್ನೂ ಮೀರಿ, ಕಿಂಡಿಯ ಕಡೆಯಿಂದ ಒಂದು ಗಹಗಹಿಕೆ ಕೇಳಿಬಂತು. ಅದು ಭಾವಮೈದನದು. ಚುಕ್ಕೆ ಬಂತು, ಹೋಯಿತು. ತೆರೆ ಬೆಳ್ಳಗಾಯಿತು.

ಜನರ ಸಿಳ್ಳೆಗಳ ನಡುವೆ ಅವನು ಮೆಟ್ಟಿಲೇರಿ ಓಡಿ, ಯಂತ್ರ ಹೊರಡಿಸಿದ.

"ನಗೋದು ಕೆಳಗಿನವರ ಕೆಲಸ ಕಣೋ!"

"ಏನ್ ಮಾಡ್ಲಿ ಭಾವ? ಆ ಕಳ್ಳ ಪಾದ್ರಿ ಮದುಮಗಳ ಹೆಸರು ಮರೆತು ಅವಳಮ್ಮನ ಹೆಸರು ಹೇಳ್ಬಿಟ್ಟ! ನೀವು ನೋಡ್ಲಿಲ್ವಾ?" ಭಾವಮೈದ ಕಣ್ಣೊರೆಸಿಕೊಳ್ಳುತ್ತಿದ್ದ.

ಆಪರೇಟರ್ ನೋಡಿರಲಿಲ್ಲ.

ಒಡತಿ ಬಂದು ಬಾಗಿಲಲ್ಲಿ ನಿಂತಳು. ಬೈಯಲಿಲ್ಲ, ಭಾವಮೈದನ ಮುಖವನ್ನೇ ನೋಡಿದಳು.

"ಇವನ ನಗು ಬೀದಿವರೆಗೂ ಕೇಳಿಸ್ತು. ಇಂಥವನು ಕೌಂಟರಲ್ಲಿದ್ರೆ ಜನ ತಾವಾಗೇ ಬರ್ತಾರೆ. ನಾಳೆಯಿಂದ ಅಲ್ಲೇ ಕೂರಲಿ. ಮೇಲೆ ಹೇಗೂ ನೀವಿದ್ದೀರಲ್ಲ, ನನಗೇನು ಚಿಂತೆ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇಡವೆನ್ನುವಂತೆಯೂ ಇರಲಿಲ್ಲ. ತಮ್ಮನಿಗೊಂದು ಕೆಲಸ ಕೊಡಿಸಿರೆಂದು ಹೆಂಡತಿ ಎಷ್ಟೋ ಕಾಲದಿಂದ ಅವನನ್ನು ಕಾಡುತ್ತಿದ್ದಳು.

"ಅಕ್ಕನಿಗೆ ಹೇಳ್ತೀನಿ ಭಾವ!" ಎಂದು ಭಾವಮೈದ ದಡದಡ ಇಳಿದುಹೋದ.

ಆಪರೇಟರ್ ಮುಂದಿನ ರೀಲನ್ನು ಏರಿಸಿ ಕಿಂಡಿಗೆ ಕಣ್ಣಿಟ್ಟ. ಕೆಳಗೆ ಮತ್ತೆ ನಗೆಯೆದ್ದಿತು. ಅದರಲ್ಲಿ ಹೆಂಡತಿಯದೂ ಇತ್ತು. ಸಿನಿಮಾಕ್ಕೋ, ತಮ್ಮನ ಸುದ್ದಿಗೋ, ಅಲ್ಲಿಂದ ತಿಳಿಯುವಂತಿರಲಿಲ್ಲ.