ಹೊಗೆಯ ಬಣ್ಣ ಕೇಳುತ್ತಿದ್ದ ದಾವಲಸಾಬ

ನನ್ನ ಎಡಗೈಯ ಕಿರುಬೆರಳು ಇಂದಿಗೂ ನೆಟ್ಟಗಾಗುವುದಿಲ್ಲ. ರೊಟ್ಟಿ ಬಡಿಯುವಾಗ ಅದೊಂದೇ ಬೆರಳು ಹಿಟ್ಟು ಮುಟ್ಟದೆ ಮೇಲೆ ನಿಂತಿರುತ್ತದೆ. ಅದನ್ನು ಮುರಿದವನು ದಾವಲಸಾಬ. ಮುರಿದ ಗಳಿಗೆಯಲ್ಲೇ ಅದನ್ನು ಜಗ್ಗಿ, ಬಿದಿರಿನ ಚಕ್ಕೆ ಇಟ್ಟು, ತನ್ನ ರುಮಾಲನ್ನು ಹರಿದು ಕಟ್ಟಿದವನೂ ಅವನೇ. ಎರಡೂ ಕೆಲಸವನ್ನು ಒಂದೇ ಒರಟುತನದಿಂದ ಮಾಡಿದ. ಅದಕ್ಕೇ ಬೆರಳು ಸೊಟ್ಟಗೆ ಕೂಡಿತು.

ದಾವಲಸಾಬ ಬೆಟಗೇರಿಯಲ್ಲಿ ನಮ್ಮ ಓಣಿಯ ಹಿಂದಿದ್ದ ಎಣ್ಣೆ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಗಿಡ್ಡ ಆಳು, ಹೆಗಲೊಳಗೆ ಹೂತ ಕುತ್ತಿಗೆ. ಮುಖದ ಮೇಲೆ ಹುಬ್ಬೆಂಬುದೇ ಇರಲಿಲ್ಲ. ಒಲೆಯ ಬಾಗಿಲಿಗೆ ಇಣುಕಿ ಇಣುಕಿ ಸುಟ್ಟುಹೋಗಿತ್ತು. ಹುಬ್ಬಿಲ್ಲದ ಮುಖಕ್ಕೆ ಸಿಟ್ಟು ಬಂದರೆ ನೋಡುವವರಿಗೆ ಹೆದರಿಕೆಯಾಗುತ್ತಿತ್ತು, ಮತ್ತು ಅವನಿಗೆ ಸಿಟ್ಟು ಬರದ ಹೊತ್ತೇ ಇರಲಿಲ್ಲ. ಮೂಲತಃ ಲಕ್ಷ್ಮೇಶ್ವರದವನು. ಗದಗಿನಲ್ಲಿ ರೈಲು ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದಾಗ ಡ್ರೈವರನಿಗೆ ಸಲಿಕೆಯಿಂದ ಬಾರಿಸಿ ಹೊರಬಿದ್ದ. ಮುಂಡರಗಿಯ ಒಂದು ಹತ್ತಿ ಮಿಲ್ಲಿನಲ್ಲಿ ಮುಕಾದಮನ ಹಲ್ಲು ಉದುರಿಸಿ ಅಲ್ಲಿಂದಲೂ ಹೊರಬಿದ್ದ. ಇನ್ನು ಈ ಬಾಯ್ಲರೂ ಕೈಬಿಟ್ಟರೆ ಸುತ್ತಿನ ಯಾವ ಊರಲ್ಲೂ ಅವನನ್ನು ಕರೆಯುವವರು ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಅದ್ದಿದ ನೂಲಿನ ಲಡಿಗಳನ್ನು ಹಿತ್ತಲಿನಲ್ಲಿ, ಓಣಿಯ ಉದ್ದಕ್ಕೂ ಬಿದಿರಿನ ಗಳಗಳ ಮೇಲೆ ಒಣಹಾಕುತ್ತಿದ್ದೆವು. ಎಪ್ಪತ್ತರ ದಶಕದಲ್ಲಿ ಮಿಲ್ಲು ದೊಡ್ಡದಾಯಿತು, ಗಾಣಗಳು ಹೆಚ್ಚಾದವು, ಚಿಮಣಿ ಹಗಲೆಲ್ಲ ಕರೀ ಹೊಗೆ ಕಾರತೊಡಗಿತು. ಹಳದಿ ನೂಲಿನ ಮೇಲೆ, ಬಿಳಿ ನೂಲಿನ ಮೇಲೆ ಮಸಿ ಉದುರುತ್ತಿತ್ತು. ಕೊಡವಿದರೆ ಸರಿ, ಕೈ ಒತ್ತಿದರೆ ಕಲೆ. ನೇಕಾರರು ನೂಲು ವಾಪಸು ತಂದು ನಮ್ಮ ಕಟ್ಟೆಯ ಮೇಲೆ ಒಗೆದು ಹೋಗುತ್ತಿದ್ದರು. ಮಿಲ್ಲಿನ ಸಾವಕಾರನಿಗೆ ಹೇಳಿ ಹೇಳಿ ನಮ್ಮ ನಾಲಗೆ ಸವೆಯಿತು.

ಒಂದು ಮಧ್ಯಾಹ್ನ ಮಸಿಯ ಬದಲು ಕೆಂಡವೇ ಬಂತು. ಹೊಗೆ ಕಡಿಮೆ ಮಾಡುತ್ತೇನೆಂದು ದಾವಲಸಾಬ ಒಲೆಯ ಕೆಳಗಿನಿಂದ ಗಾಳಿಯನ್ನು ಜೋರಾಗಿ ಬಿಟ್ಟಿದ್ದನಂತೆ. ಹೊಗೆ ಹಾಗೇ ಉಳಿಯಿತು. ಅರೆಬೆಂದ ಕಲ್ಲಿದ್ದಲಿನ ಚೂರುಗಳು ಹಾರಿ ಬಂದು ನಮ್ಮ ಲಡಿಗಳನ್ನು ತೂತು ತೂತು ಮಾಡಿದವು. ಮದುವೆ ಸೀರೆಗಳಿಗೆಂದು ಅದ್ದಿದ ನೂಲು ಅದು. ಓಣಿಗೆ ಓಣಿಯೇ ಎದ್ದಿತು.

ಹೆಂಗಸರು ಮುಂದೆ, ಗಂಡಸರು ಹಿಂದೆ. ಗಂಡಸರ ಕೈಯಲ್ಲಿ ಹಾರೆಕೋಲುಗಳಿದ್ದವು. ಬಾಯ್ಲರ್ ಮನೆಯ ಎದುರು ನಿಂತು "ನಿನ್ನ ಒಲಿಗೆ ಮಣ್ಣ ಹಾಕಲಿ, ಹೊರಗ ಬಾರೋ!" ಎಂದು ಮೊದಲು ಕೂಗಿದವಳು ನಾನೇ. ನನ್ನ ಬಾಯಿಯೂ ಸಣ್ಣದಲ್ಲ.

ಅವನು ಸಲಿಕೆ ಹಿಡಿದು ಬಂದ. "ಒಬ್ಬರು ಒಳಗ ಕಾಲಿಟ್ರ ಇದರಾಗ ಎತ್ತಿ ಬೆಂಕ್ಯಾಗ ಒಗೀತೀನಿ!"

ಹಿಂದಿನಿಂದ ಕಲ್ಲು ಬಂತು. ಅವನ ಹಣೆ ಒಡೆಯಿತು. ಅವನು ಎದುರಿದ್ದವನ ಬೆನ್ನಿಗೆ ಸಲಿಕೆಯ ಚಪ್ಪಟೆಯಿಂದ ಬಾರಿಸಿದ. ಆ ಮನುಷ್ಯ ಕಲ್ಲಿದ್ದಲಿನ ರಾಶಿಯ ಮೇಲೆ ಮಕಾಡೆ ಬಿದ್ದ. ಆಮೇಲೆ ಕಲ್ಲುಗಳಿಗೆ ಲೆಕ್ಕವಿಲ್ಲ. ದಾವಲಸಾಬ ಹಿಂದೆ ಸರಿದು ಕಬ್ಬಿಣದ ಬಾಗಿಲನ್ನು ಧಡ್ಡನೆ ಹಾಕಿದ. ನನ್ನ ಕೈ ಚೌಕಟ್ಟಿನಲ್ಲಿತ್ತು. ಎಲುಬು ಮುರಿದ ಸಪ್ಪಳ ಅಷ್ಟು ಗದ್ದಲದಲ್ಲೂ ನನಗೆ ಕೇಳಿಸಿತು.

ನನ್ನ ಚೀರಾಟಕ್ಕೆ ಅವನೇ ಬಾಗಿಲು ತೆರೆದ. ರಕ್ತ ಇಳಿದು ಅವನ ಒಂದು ಕಣ್ಣು ಮುಚ್ಚಿತ್ತು. "ಕೈ ಯಾಕ ಇಟ್ಟಿ? ಬಾಗಲಾ ಹಾಕೂದು ಕಾಣಲಿಲ್ಲೇನು?" ಎಂದು ನನ್ನನ್ನೇ ಬೈದ. ಬೈಯುತ್ತಲೇ ಬೆರಳು ಹಿಡಿದು ಜಗ್ಗಿದ. ನಾನು ಬಲಗೈಯಿಂದ ಅವನ ಕಪಾಳಕ್ಕೆ ಹೊಡೆದೆ. "ಹೊಡಿ, ಇನ್ನೊಂದು ಹೊಡಿ. ಆದ್ರ ಅಳ್ಳಾಡಬ್ಯಾಡ," ಎಂದ. ನಾನು ಇನ್ನೊಂದು ಹೊಡೆದೆ. ಅವನು ಬೆರಳು ಕಟ್ಟಿ ಮುಗಿಸಿದ.

ಗಂಡಸರು ಹಾರೆ ಎತ್ತಿ ಒಳನುಗ್ಗುವವರಿದ್ದರು. ಅವರನ್ನು ತಡೆದವಳು ಸಂಗವ್ವಾಯಿ. ಓಣಿಯ ಹಿರಿಯಳು; ಅವಳ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಅವಳು ದಾವಲಸಾಬನ ಎದೆಗೆ ಕೋಲು ಚುಚ್ಚಿ ಹೇಳಿದಳು: "ಬರೂ ದಸರಾದ ಖಂಡೇಪೂಜಿತನಕ ವ್ಯಾಳೆ ಕೊಟ್ಟೀನಿ. ಮಸಿ ನಿಲ್ಲಲಿಲ್ಲಂದ್ರ ಈ ಬಾಯ್ಲರ್ ಇರೂದಿಲ್ಲ, ನೀನೂ ಇರೂದಿಲ್ಲ. ನಿಂತ್ರ, ನಾನ ಬಂದು ನಿನ್ನ ಒಲಿಗೆ ಸೀರಿ ಉಡಿಸಿ, ಮಗಳಿಗೆ ತುಂಬಿದಂಗ ಉಡಿ ತುಂಬತೀನಿ."

"ಆತು," ಎಂದ ಅವನು. "ನಿಲ್ಲಸ್ತೀನಿ."

ಮಾರನೆಯ ದಿನ ಹಿತ್ತಲಿನ ಗೋಡೆಯಾಚೆಯಿಂದ ಒಂದು ಕೂಗು ಬಂತು: "ಬಣ್ಣದಕ್ಕಾ! ಹೊಗಿ ಯಾವ ಬಣ್ಣ ಐತಿ?"

ಒಲೆಯ ಮುಂದೆ ನಿಂತವನಿಗೆ ಚಿಮಣಿಯ ತುದಿ ಕಾಣುವುದಿಲ್ಲ. ಹೊರಗೆ ಬಂದು ನೋಡಿ ಒಳಗೆ ಹೋಗುವಷ್ಟರಲ್ಲಿ ಬೆಂಕಿಯ ತರಹ ಬೇರೆಯಾಗಿರುತ್ತದೆ. ನಮ್ಮ ಹಿತ್ತಲಿಗೆ ಚಿಮಣಿ ನೆಟ್ಟಗೆ ಎದುರು. ಬೆರಳಿನ ಸಿಟ್ಟು ಇನ್ನೂ ಇತ್ತು. ಆದರೂ ಬಣ್ಣ ಕೇಳಿದರೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ. "ಚಂದ್ರಕಾಳಿ!" ಎಂದು ಕೂಗಿದೆ. ಅದು ನಮ್ಮ ಕಡೆಯ ಅಪ್ಪಟ ಕರೀ ಸೀರೆ. ಆಚೆಯಿಂದ ಬೈಗುಳ ಕೇಳಿಬಂತು, ನನಗಲ್ಲ, ಬೆಂಕಿಗೆ.

ಹಾಗೆ ಶುರುವಾಯಿತು. ಚಂದ್ರಕಾಳಿಯಿಂದ ಎಮ್ಮೆ ಬಣ್ಣ, ಅದರಿಂದ ಹಸಿಬೂದಿ, ಒಣಬೂದಿ. ನಾನು ತೊಟ್ಟಿಯಲ್ಲಿ ನೂಲು ತಿರುವುತ್ತಲೇ ಕೂಗುತ್ತಿದ್ದೆ, ಅವನು ಗಾಳಿಯನ್ನು ಏರಿಸುತ್ತಲೋ ಇಳಿಸುತ್ತಲೋ ಇರುತ್ತಿದ್ದ. ಒಮ್ಮೆ ಹಾಲಿನಂಥ ಬಿಳಿ ಹೊಗೆ ಬಂದಾಗ ನಾನು ಖುಷಿಯಿಂದ ಹೇಳಿದರೆ ಅವನಿಗೆ ಸಿಟ್ಟೇ ಬಂತು. "ಬಿಳಿ ಆದ್ರೂ ನಡೆಯೂದಿಲ್ಲಕ್ಕಾ! ಗಾಳಿ ಹೆಚ್ಚಾತು ಅಂದ್ರ ಬೆಂಕಿ ಆರತೈತಿ, ಕಲ್ಲಿದ್ದಲ ಹಾಳ. ನಡುವಿನ ಬಣ್ಣ ಬೇಕು." ಆ ನಡುವಿನ ಬಣ್ಣಕ್ಕೆ ಹೆಸರಿಟ್ಟವಳು ನಾನು. ನನ್ನ ತವರು ಲಕ್ಷ್ಮೇಶ್ವರದ ಹತ್ತಿರದ ಮಾಗಡಿ. ಅಲ್ಲಿಯ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಬಾತುಗಳ ಮೈ ಬೂದಿಯೂ ಅಲ್ಲದ, ಬಿಳಿಯೂ ಅಲ್ಲದ ಒಂದು ಬಣ್ಣ. "ಮಾಗಡಿ ಹಕ್ಕಿ" ಎಂದರೆ ಸರಿಯಾದ ಹೊಗೆ ಎಂದು ನಮ್ಮಿಬ್ಬರಲ್ಲಿ ಗೊತ್ತಾಯಿತು. ಅದು ಬಂದರೂ ನಿಲ್ಲುತ್ತಿರಲಿಲ್ಲ; ಹೊಸ ಕಲ್ಲಿದ್ದಲು ಬಿದ್ದೊಡನೆ ಮತ್ತೆ ಎಮ್ಮೆ ಬಣ್ಣ.

"ಕೆಳಗ ಇದರ ಹೊಟ್ಟಿ ತುಂಬೈತಿ, ಮ್ಯಾಲ ಮೂಗು ಮುಚ್ಚೈತಿ," ಎನ್ನುತ್ತಿದ್ದ. "ಕಲ್ಲಿದ್ದಲದ ಗ್ಯಾಸ್ ಮ್ಯಾಲೆದ್ದು ಸುಡಾಕ ದಮ್ಮ ಸಿಗವಲ್ದು. ಬರೇ ಹೊಗಿ ಆಗಿ ಹೋಗತೈತಿ." ಒಲೆಯ ಬಾಗಿಲಿಗೆ ತೂತು ಕೊರೆದ. ಸಾಲದಾಯಿತು. ಆಮೇಲೆ ಇಂಜಿನ್ನಿನಲ್ಲಿ ಎಲ್ಲೋ ಕಂಡದ್ದನ್ನು ನೆನಪಿಸಿಕೊಂಡು, ಬೆಂಕಿಯ ನೆತ್ತಿಯ ಮೇಲೆ ಸಣ್ಣ ಕೊಳವೆಗಳನ್ನು ಕೂರಿಸಿ, ಬಾಯ್ಲರಿನ ಉಗಿಯನ್ನೇ ಅವುಗಳಿಂದ ಊದಿಸಿದ. ಉಗಿ ನುಗ್ಗುವಾಗ ತನ್ನ ಜೊತೆ ಗಾಳಿಯನ್ನೂ ಎಳೆದುಕೊಂಡು ಹೋಗಿ ಗ್ಯಾಸಿನೊಳಗೆ ಕಲಸುತ್ತದೆ ಎಂದು ಅವನ ಲೆಕ್ಕ. ಆದರೆ ಕೊಳವೆಯ ಬಾಯಿ ದೊಡ್ಡದಾಗಿ ಉಗಿಯೆಲ್ಲ ಅಲ್ಲೇ ಖರ್ಚಾಯಿತು, ಗಾಣಗಳು ನಿಂತವು. ಸಾವಕಾರ ಓಡಿ ಬಂದ.

"ನನ್ನ ಉಗಿ ನನ್ನ ಒಲಿಗೇ ಊದಾಕ ಹಚ್ಚೀಯೇನಲೇ ಹುಚ್ಚಾ?" ಎಂದು ಸಾವಕಾರ ಕೆನ್ನೆಗೆ ಹೊಡೆದ. ದಾವಲಸಾಬ ಅವನ ಧೋತರದ ಕಚ್ಚೆ ಹಿಡಿದು ಎತ್ತಿ ಬೂದಿಯ ಗುಂಡಿಯಲ್ಲಿ ಕೂರಿಸಿದ. ಬೂದಿ ಪೂರ್ತಿ ಆರಿರಲಿಲ್ಲ. ಸಾವಕಾರ ಅನೇಕ ದಿನ ಗಾದಿಯ ಮೇಲೆ ಮಗ್ಗುಲಾಗಿ ಕುಳಿತು ವ್ಯಾಪಾರ ಮಾಡಿದ. ಅಂದೇ ಕೆಲಸ ಹೋಗಬೇಕಿತ್ತು. ಆದರೆ ಆ ಕೊಳವೆಗಳನ್ನು ಬಿಚ್ಚುವುದೂ ಬೇರೆಯವರಿಗೆ ಗೊತ್ತಿರಲಿಲ್ಲ. ಕೊಳವೆಯ ಬಾಯಿ ಸಣ್ಣದು ಮಾಡಲು ಸಾವಕಾರ ಹಲ್ಲು ಕಡಿಯುತ್ತ ಒಪ್ಪಿದ.

ದಾವಲಸಾಬನ ಕೈಕೆಳಗೆ ಯಲ್ಲಪ್ಪನೆಂಬ ಫೈರಮನ್ ಇದ್ದ, ಸೋಮಾರಿ. ಸ್ವಲ್ಪ ಸ್ವಲ್ಪ ಹಾಕಬೇಕಾದ ಕಲ್ಲಿದ್ದಲನ್ನು ಒಂದೇ ಸಲ ಗುಡ್ಡೆ ಸುರಿದು ಬೀಡಿ ಸೇದುತ್ತ ಕೂರುತ್ತಿದ್ದ. ದಾವಲಸಾಬ ಒಮ್ಮೆ ಸಲಿಕೆಯ ಕಾವು ಅವನ ಬೆನ್ನ ಮೇಲೆ ಮುರಿಯುವ ಹಾಗೆ ಹೊಡೆದ. ಬಿಡಿಸಲು ಹೋದ ನಾನು "ಕೊಲ್ತೀಯೇನೋ?" ಎಂದರೆ, ಅವನು ಏದುಸಿರು ಬಿಡುತ್ತ ಹೇಳಿದ: "ನಾ ಕೊಲ್ಲೂದಿಲ್ಲಕ್ಕಾ, ಇದು ಕೊಲ್ತೈತಿ. ಗುಡ್ಡಿ ಹಾಕಿ ದಮ್ಮ ಕಟ್ಟಿಸಿದ್ರ ಗ್ಯಾಸ್ ಒಳಗ ಕಾಯಕೋತ ಕುಂದರತೈತಿ. ಬಾಗಲಾ ತಗದವರ ಮಾರಿಗೇ ಬರತೈತಿ." ಹುಬ್ಬಿಲ್ಲದ ತನ್ನ ಮುಖವನ್ನು ಬೆರಳಿನಿಂದ ತೋರಿಸಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ "ಮಾಗಡಿ ಹಕ್ಕಿ" ಎಂದೇ ಕೂಗಿದೆ. ಮರುದಿನವೂ ಅದೇ. ಬಿಳಿಯ ಲಡಿಗಳು ಬಿಳಿಯಾಗಿಯೇ ಒಣಗಿದವು. ಸಂಗವ್ವಾಯಿ ಒಂದು ಲಡಿಯನ್ನು ಕೆನ್ನೆಗೆ ಒತ್ತಿ, ಕನ್ನಡಿ ತರಿಸಿ ಕೆನ್ನೆ ನೋಡಿಕೊಂಡಳು. ಗೋಡೆಯಾಚೆ ದಾವಲಸಾಬ ಯಾರನ್ನೋ ಬೈಯುತ್ತಿದ್ದ. ಅಂದು ಆ ಬೈಗುಳ ನನಗೆ ಬಹಳ ಹಿತವಾಗಿತ್ತು.

ಖಂಡೇಪೂಜೆಯ ದಿನ ಮಿಲ್ಲಿಗೆ ರಜೆ. ಉಗಿಯ ಕೊಳವೆಗಳನ್ನು ನಿಲ್ಲಿಸಿ, ಒಲೆಯಲ್ಲಿ ಸಣ್ಣ ಬೆಂಕಿ ಜೀವಂತ ಇಟ್ಟಿದ್ದರು. ಹೊತ್ತು ಏರಿದ ಮೇಲೆ ನಾವು ಹೆಂಗಸರು ಹೊಸ ಸೀರೆ, ಖಣ, ಅಕ್ಕಿ, ಕೊಬ್ಬರಿ ತೆಗೆದುಕೊಂಡು ಹೋದೆವು; ಗಂಡಸರು ಹೊರಗೆ ಅಂಗಳದಲ್ಲಿ ನಿಂತರು. ದಾವಲಸಾಬ ನಮಗಾಗಿ ಚೆಂಡುಹೂವು ತರಲು ಗದಗಿನ ಪೇಟೆಗೆ ಹೋಗಿದ್ದ. ಊಟಕ್ಕೆ ಬೇಗ ಮನೆ ಸೇರುವ ಅವಸರದಲ್ಲಿ ಯಲ್ಲಪ್ಪ ಒಲೆಗೆ ಗುಡ್ಡೆ ಕಲ್ಲಿದ್ದಲು ಸುರಿದು ಆಗಲೇ ಹೊರಟುಹೋಗಿದ್ದ. ನಾವು ಒಲೆಯ ಮುಖಕ್ಕೆ ಅರಿಷಿಣ ಬಳಿದೆವು, ಕುಂಕುಮ ಹಚ್ಚಿದೆವು. ಸೀರೆಯನ್ನು ನಿರಿಗೆ ಹಿಡಿದು ಬಾಗಿಲ ಸುತ್ತ ಉಡಿಸಿದೆವು. ಬಾಗಿಲಿನ ತೂತುಗಳೂ ಕೆಳಗಿನ ಬೂದಿಗುಂಡಿಯ ಬಾಯಿಯೂ ಅದರಡಿಯಲ್ಲಿ ಮುಚ್ಚಿಹೋದವು. ಮಗಳಿಗೆ ಉಡಿಸುವಾಗ ಅವಳ ಮೂಗು ಮುಚ್ಚುತ್ತೇವೆಯೇ? ಇದಕ್ಕೆ ಮೂಗು ಎಲ್ಲಿದೆಯೆಂದು ನಮಗೆ ಹೊಳೆಯಲಿಲ್ಲ. ಉಡಿ ತುಂಬಿ, ಹಾಡು ಹೇಳುತ್ತ ಬಹಳ ಹೊತ್ತು ಕುಳಿತೆವು. ಕೊನೆಗೆ ಬೆಂಕಿಗೆ ಆರತಿ ಬೆಳಗಬೇಕೆಂದು ಸಂಗವ್ವಾಯಿ ಸೀರೆಯ ಸೆರಗು ಸರಿಸಿ ಬಾಗಿಲಿನ ಚಿಲಕಕ್ಕೆ ಕೈ ಹಾಕಿದಳು.

ಆಗ ಅಂಗಳದಿಂದ ಕೂಗು ಬಂತು. "ತಗೀಬ್ಯಾಡ! ಆಯಿ, ತಗೀಬ್ಯಾಡ!" ದಾವಲಸಾಬ ಹೂವಿನ ಬುಟ್ಟಿ ಹೊತ್ತು ಬರುತ್ತ, ಉಗಿ ನಿಲ್ಲಿಸಿದ ಒಲೆಯ ಚಿಮಣಿಯಲ್ಲಿ ಹೊಗೆ ಎಳೆಯಷ್ಟೂ ಇಲ್ಲದ್ದನ್ನು ಕಂಡು, ಒಳಗೆ ದಮ್ಮು ಕಟ್ಟಿದೆಯೆಂದು ತಿಳಿದಿದ್ದ. ನಮ್ಮಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಅವನು ದಿನಾ ಕೂಗುವವನು. ಹಬ್ಬದ ದಿನವೂ ಬಿಡಲಿಲ್ಲವಲ್ಲ ಎಂದು ಯಾರೋ ನಕ್ಕರು. ಚಿಲಕ ಮೇಲೆ ಎದ್ದಿತ್ತು. ಅವನು ನಮ್ಮನ್ನು ತಳ್ಳಿ, ತುಳಿದು ಒಳಗೆ ನುಗ್ಗಿದ. ಹಣ್ಣು ಹಣ್ಣು ಮುದುಕಿಯ ಪಕ್ಕೆಗೆ ಕಾಲಿನಿಂದ ಒದ್ದ. ಅವಳು ಆರತಿ ತಟ್ಟೆಯ ಸಮೇತ ಗೋಡೆಗೆ ಹೋಗಿ ಬಿದ್ದಳು. ಬಾಗಿಲು ತೆರೆದುಕೊಂಡಿತು.

ಒಂದು ಕೆಂಪು ನಾಲಗೆ ಹೊರಬಂದದ್ದು ನೆನಪಿದೆ. ಸಪ್ಪಳಕ್ಕೆ ತಗಡಿನ ಮಾಡು ಎದ್ದು ಬಿತ್ತು. ಮುದುಕಿ ನಿಂತಿದ್ದ ಜಾಗದಲ್ಲಿ ದಾವಲಸಾಬ ನಿಂತಿದ್ದ, ಮೈಮೇಲೆ ನಾವು ಉಡಿಸಿದ ಸೀರೆ ಉರಿಯುತ್ತಿತ್ತು. ನಾನೂ ಇನ್ನಿಬ್ಬರೂ ಅವನನ್ನು ಕೆಡವಿ ಕಲ್ಲಿದ್ದಲಿನ ಪುಡಿಯ ಮೇಲೆ ಹೊರಳಿಸಿದೆವು, ಸೆರಗಿನಿಂದ ಬಡಿದೆವು. ಹೊರಗಿದ್ದ ಗಂಡಸರಿಗೆ ಕಂಡದ್ದು ಒದ್ದದ್ದು ಮಾತ್ರ. ಬಡಿಗೆ ಎತ್ತಿಕೊಂಡು ಒಳಗೆ ನುಗ್ಗಿದರು. ಒಂದು ಏಟು ಬಿದ್ದೇ ಬಿಟ್ಟಿತು, ಸುಟ್ಟ ಬೆನ್ನಿನ ಮೇಲೆ.

"ಹೊಡೀಬ್ಯಾಡ್ರೋ!" ಸಂಗವ್ವಾಯಿ ಮುರಿದ ಪಕ್ಕೆ ಹಿಡಿದುಕೊಂಡೇ ಚೀರಿದಳು. "ಅವ ಒದ್ದಿದ್ದಕ್ಕ ಉಳದೀನೋ! ಒದ್ದಿದ್ದಕ್ಕ ಉಳದೀನಿ!"

ಗದಗಿನ ದವಾಖಾನೆಯಲ್ಲಿ ಅವನ ಮುಖದ ತುಂಬ ಪಟ್ಟಿ ಸುತ್ತಿದ್ದರು, ಬಾಯಿಗೊಂದಿಷ್ಟು ಸಂದು ಬಿಟ್ಟಿದ್ದರು. ಕಣ್ಣಿನ ಮಾತನ್ನು ಡಾಕ್ಟರು ಆಡಲೇ ಇಲ್ಲ. ನಾನು ಹೋಗಿ ಹಾಸಿಗೆಯ ಪಕ್ಕ ನಿಂತೆ. ಸೊಟ್ಟ ಬೆರಳಿನ ಕೈಯನ್ನು ಅವನ ಅಂಗೈಯಲ್ಲಿಟ್ಟೆ. ಅವನು ಬೆರಳು ತಡವಿ ನೋಡಿದ.

"ಬಣ್ಣದಕ್ಕಾ," ಎಂದ. ದನಿ ಮೊದಲ ಬಾರಿ ಸಣ್ಣದಾಗಿತ್ತು. ನನಗೆ ಅದನ್ನು ತಡೆಯಲಾಗಲಿಲ್ಲ, ಅಳು ಬಂತು. "ಆಯಿ ಹೆಂಗದಾಳ?"

"ಆರಾಮ ಅದಾಳ. ನಿನಗ ಬೈಯಾಕತ್ಯಾಳ."

ಆಮೇಲೆ ಕೇಳಿದ: "ಹೊಗಿ ಯಾವ ಬಣ್ಣ ಐತಿ? ಚಂದ್ರಕಾಳಿ ಆಗಿಲ್ಲಲಾ?"

ಅಂದಿನಿಂದ ಆ ಒಲೆ ಹೊತ್ತಿರಲೇ ಇಲ್ಲ. ಸಾವಕಾರ ಬೀಗ ಹಾಕಿಸಿದ್ದ. ಬಣ್ಣದ ವಿಷಯದಲ್ಲಿ ನಾನು ಅವನಿಗೆ ಒಂದು ದಿನವೂ ಸುಳ್ಳು ಹೇಳಿದವಳಲ್ಲ.

"ಇಲ್ಲ ತಮ್ಮಾ," ಎಂದೆ.

"ಮಾಗಡಿ ಹಕ್ಕಿ ಐತೇನು?"

"ಅದೂ ಇಲ್ಲ. ಏನೂ ಇಲ್ಲ. ಮುಗಿಲು ಸ್ವಚ್ಛ ಐತಿ."

ಅವನ ಕೈ ನನ್ನ ಕೈಯೊಳಗೆ ಬಿಗಿಯಾಯಿತು. ಪಟ್ಟಿಯೊಳಗಿಂದ ಹಳೆಯ ದನಿ ಒಡೆದು ಬಂತು: "ಏನೂ ಇಲ್ಲಂದ್ರ? ಗಾಳಿ ಹೆಚ್ಚು ಬಿಟ್ಟಾನ ಆ ಹಲ್ಕಟ್ ಯಲ್ಲ್ಯಾ! ಬೆಂಕಿ ಆರತೈತಿ, ಬೆಂಕಿ ಆರತೈತಿ. ಜಲ್ದಿ ಹೋಗಕ್ಕಾ, ಕಮ್ಮಿ ಮಾಡಂತ ಹೇಳು."

"ಆತು, ಹೇಳ್ತೀನಿ," ಎಂದು ಎದ್ದೆ. ನಾನು ಬೆಟಗೇರಿ ಮುಟ್ಟುವ ಮೊದಲೇ ಅವನು ತೀರಿಕೊಂಡಿದ್ದ.